ವಾಸಿಯಾದ ಕೈಗೆ ಕಟ್ಟಿದ ಬಟ್ಟೆ

“ಅಯ್ಯನವರೇ, ಕ್ರಿಸ್ತನ ವಿಷಯ ಇನ್ನೊಬ್ಬರಿಗೆ ಹೇಳಬೇಕೆಂದಾಗ ಬರುವ ಭಯವನ್ನು ಗೆಲ್ಲುವುದು ಹೇಗೆ?” ಎಂದು ಸುವಾರ್ತಪ್ಪ ಕೇಳಿದ.

ಕೇಳಿದವನು ಸಭೆಯ ಉಪದೇಶಿ. ಅಂದರೆ ಆ ವಿಷಯವನ್ನು ಇನ್ನೊಬ್ಬರಿಗೆ ಹೇಳುವುದೇ ಅವನ ಕೆಲಸ. ಸುವಾರ್ತೆ ಎಂದರೆ ಕ್ರಿಸ್ತನ ಶುಭಸಮಾಚಾರ; ಸುವಾರ್ತಪ್ಪ ಎಂಬ ಹೆಸರನ್ನು ಅಜ್ಜ ಇಟ್ಟಿದ್ದರು. ಅದರಲ್ಲಿ ಅವನ ತಪ್ಪೇನೂ ಇರಲಿಲ್ಲ. ಅವನು ಎರಡು ವರ್ಷ ವೇದಪಾಠಶಾಲೆಯಲ್ಲಿ ಓದಿ ಮೊದಲನೆಯವನಾಗಿ ತೇರ್ಗಡೆಯಾಗಿದ್ದ. ಸತ್ಯವೇದದ ಅರಸರ ಹೆಸರುಗಳನ್ನು ಹಿಂದಿನಿಂದ ಮುಂದಕ್ಕೂ ಹೇಳಬಲ್ಲವನಾಗಿದ್ದ. ಯಾರೂ ಕೇಳಿರಲಿಲ್ಲ, ಅಷ್ಟೆ.

ಕೇಳಿಸಿಕೊಂಡವರು ಯಾಕೋಬಪ್ಪ ಅಯ್ಯನವರು. ನಲವತ್ತು ವರ್ಷ ಸಭಾಪಾಲಕರಾಗಿದ್ದು ಈಗ ನಿವೃತ್ತರು. ಹೊಸ ಉಪದೇಶಿಗಳನ್ನು ಅವರ ಕೈಕೆಳಗೆ ಕಳುಹಿಸುವ ಪದ್ಧತಿ ಇತ್ತು. ಅವರು ಜಗುಲಿಯ ಮೇಲೆ ಕುಳಿತು ಹರಿದ ಹಾಡಿನ ಪುಸ್ತಕಗಳಿಗೆ ಅಂಟು ಹಚ್ಚುತ್ತಿದ್ದರು.

“ಯಾರಿಗೆ ಹೇಳುವಾಗ ಭಯವಾಯಿತು?” ಎಂದು ಅವರು ಕೇಳಿದರು.

“ಗಿರಣಿ ಮಲ್ಲೇಶಪ್ಪನವರಿಗೆ.”

ಮಲ್ಲೇಶಪ್ಪ ಸುವಾರ್ತಪ್ಪನ ಪಕ್ಕದ ಮನೆಯವರು, ಹಿಟ್ಟಿನ ಗಿರಣಿ ನಡೆಸುವವರು. ಎರಡು ತಿಂಗಳ ಹಿಂದೆ ಅವರ ಹೆಂಡತಿ ತೀರಿಕೊಂಡಿದ್ದರು. ಆಮೇಲೆ ಅವರಿಗೆ ನಿದ್ದೆ ಇರಲಿಲ್ಲ. ಒಂದು ಸಂಜೆ ಗೋಡೆಯಾಚೆಯಿಂದ ಅವರೇ ಕೇಳಿದ್ದರು: “ಅಲ್ಲ ಮಾಸ್ತರೇ, ದಿನಾ ಸಂಜೆ ಕಣ್ಣು ಮುಚ್ಚಿಕೊಂಡು ಕೂಡುತ್ತೀರಲ್ಲ, ಯಾರ ಹತ್ತಿರ ಮಾತಾಡುತ್ತೀರಿ?” ಓಣಿಯವರು ಏನೆಂದಾರು, ನಾಳೆ ಮಲ್ಲೇಶಪ್ಪನವರೇ ಏನೆಂದುಕೊಂಡಾರು ಎಂದು ಅರೆಗಳಿಗೆಯಲ್ಲಿ ಸುವಾರ್ತಪ್ಪನಿಗೆ ಹತ್ತು ಯೋಚನೆ ಬಂದು ಹೋಗಿತ್ತು. “ಏನಿಲ್ಲ, ಹಾಗೆ ಕೂತರೆ ಆರೋಗ್ಯಕ್ಕೆ ಒಳ್ಳೆಯದು” ಎಂದು ಹೇಳಿ ಒಳಗೆ ಹೋಗಿದ್ದ.

ಇಷ್ಟನ್ನು ಅವನು ಅಯ್ಯನವರಿಗೆ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದ. ಅಲ್ಲಿಂದ ಮುಂದಿನದನ್ನು ವಿವರವಾಗಿ ಹೇಳಿದ.

ಮುಂದಿನದು ಹನೋಕನ ವಿಷಯ. ಹನೋಕನೂ ಇದೇ ಸಭೆಯ ಉಪದೇಶಿ. ಓದಿದ್ದು ಏಳನೆಯ ಇಯತ್ತೆ. ಮೊದಲು ಸೈಕಲ್ ರಿಪೇರಿ ಮಾಡುತ್ತಿದ್ದ. ಕಳೆದ ವಾರ ಅವನು ಜೋಳ ಬೀಸಿಸಲು ಗಿರಣಿಗೆ ಹೋಗಿ, ಸರದಿ ಬರುವವರೆಗೆ ನಿಂತು, ಮಲ್ಲೇಶಪ್ಪನವರಿಗೆ ಲಾಜರನ ಕತೆ ಹೇಳಿದ್ದ. ಗಿರಣಿಯ ಸದ್ದಿನಲ್ಲಿ ಕೂಗಿಯೇ ಹೇಳಬೇಕಾಗಿದ್ದರಿಂದ ಸಾಲಿನಲ್ಲಿದ್ದವರೆಲ್ಲರಿಗೂ ಕೇಳಿಸಿತ್ತು.

“ಅದೂ ತಪ್ಪು ಹೇಳಿದ ಅಯ್ಯನವರೇ. ವೇದದಲ್ಲಿ ಲಾಜರರು ಇಬ್ಬರು. ಐಶ್ವರ್ಯವಂತನ ಬಾಗಿಲಲ್ಲಿ ಬಿದ್ದಿದ್ದ, ನಾಯಿಗಳು ಹುಣ್ಣು ನೆಕ್ಕುತ್ತಿದ್ದ ಲಾಜರ ಬೇರೆ. ಸತ್ತು ನಾಲ್ಕು ದಿನವಾದ ಮೇಲೆ ಎದ್ದು ಬಂದ ಲಾಜರ ಬೇರೆ. ಇವನು ಇಬ್ಬರನ್ನೂ ಸೇರಿಸಿ ಒಬ್ಬನನ್ನು ಮಾಡಿದ. ನಾಯಿಗಳು ನೆಕ್ಕಿದವನನ್ನೇ ಯೇಸುಸ್ವಾಮಿ ಎಬ್ಬಿಸಿದರು ಎಂದು ಹೇಳಿದ.”

“ಮಲ್ಲೇಶಪ್ಪ ಏನೆಂದರು?”

ಸುವಾರ್ತಪ್ಪ ಹೇಳಿದ: “ಗಿರಣಿ ನಿಲ್ಲಿಸಿ ಅತ್ತರಂತೆ. ಹೋದ ಭಾನುವಾರ ಪ್ರಾರ್ಥನಾಲಯಕ್ಕೆ ಬಂದು ಕೊನೆಯ ಬೆಂಚಿನಲ್ಲಿ ಕೂತಿದ್ದರು. ನಾನು ಎದುರಿಗೇ ಇದ್ದೆ. ‘ಹನೋಕ ಮಾಸ್ತರು ಎಲ್ಲಿ?’ ಎಂದು ನನ್ನನ್ನು ಕೇಳಿದರು.”

ಹನೋಕನನ್ನು ಮಾಸ್ತರು ಎಂದದ್ದು ಅವನಿಗೆ ಇನ್ನೂ ಚುಚ್ಚುತ್ತಿತ್ತು. ಆದರೆ ಅದನ್ನು ಹೇಳುವುದು ಚೆನ್ನಾಗಿರುವುದಿಲ್ಲವೆಂದು ಹೇಳಲಿಲ್ಲ. ಬದಲಿಗೆ, ಸತ್ಯವೇದದ ವಿಷಯದಲ್ಲಿ ಇಂಥ ತಪ್ಪು ನಡೆಯಬಾರದು, ಇವತ್ತು ಸಂಜೆ ತಾನೇ ಗಿರಣಿಗೆ ಹೋಗಿ ಮಲ್ಲೇಶಪ್ಪನವರಿಗೆ ಇಬ್ಬರು ಲಾಜರರನ್ನೂ ಬೇರೆ ಬೇರೆ ಮಾಡಿ ತೋರಿಸಿ ಬರಬೇಕೆಂದಿದ್ದೇನೆ ಎಂದ.

“ಹೋಗಲು ಭಯವಿಲ್ಲವೇ?”

“ಇದಕ್ಕೇನು ಭಯ ಅಯ್ಯನವರೇ? ತಪ್ಪನ್ನು ತಪ್ಪು ಎನ್ನುವುದು ತಾನೇ? ಭಯವಾಗುವುದು ಆ ಇನ್ನೊಂದಕ್ಕೆ.”

ಅಯ್ಯನವರು ಅಂಟಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಕುಂಬಾರನಿದ್ದ. ಮಣ್ಣು ತರಲು ಹೋದವನು ಗುಂಡಿಯಲ್ಲಿ ಬಿದ್ದು ಬಲಗೈ ಮುರಿದುಕೊಂಡ.

ಆ ಊರಿನಲ್ಲಿ ಎಲುಬು ಕಟ್ಟುವವನು ಒಬ್ಬನೇ. ಅವನು ಊರ ಗೌಡನ ಭಾವಮೈದುನ. ಕೈಯಿರಲಿ ಕಾಲಿರಲಿ, ಒಂದೇ ಅಳತೆಯ ಬಿದಿರಿನ ದಬ್ಬೆ, ಒಂದೇ ಬಗೆಯ ಪಟ್ಟಿ. ಅವನು ಕಟ್ಟಿದ ಕೈಗಳೆಲ್ಲ ಕುಡುಗೋಲಿನ ಹಾಗೆ ಒಳಕ್ಕೆ ಬಾಗಿ ಕೂಡಿಕೊಳ್ಳುತ್ತಿದ್ದವು. ಅವನ ಅಪ್ಪ ಕಟ್ಟಿದ ಕೈಗಳೂ ಹಾಗೆಯೇ ಬಾಗಿದ್ದವು. ಆದ್ದರಿಂದ ಮುರಿದು ಕೂಡಿಕೊಂಡ ಕೈ ಬಾಗಿಯೇ ಇರುತ್ತದೆ ಎಂದು ಊರು ನಂಬಿತ್ತು. ಯಾರದಾದರೂ ಕೈ ನೆಟ್ಟಗೆ ಇದ್ದರೆ, ಅದು ಸರಿಯಾಗಿ ಮುರಿದೇ ಇರಲಿಲ್ಲ ಎನ್ನುತ್ತಿದ್ದರು. ಕಟ್ಟಿಸಿಕೊಂಡವನು ಒಂದು ವರ್ಷ ಪೂರ್ತಿ ಕೈಯನ್ನು ಕೊರಳ ಬಟ್ಟೆಯಲ್ಲಿ ತೂಗುಹಾಕಿಕೊಂಡು ತಿರುಗಬೇಕೆಂಬ ಕಟ್ಟಳೆಯೂ ಇತ್ತು. ಅದು ಕಟ್ಟಿದವನಿಗೆ ತೋರಿಸುವ ಮರ್ಯಾದೆ.

ಕುಂಬಾರನ ಪಕ್ಕದ ಮನೆಯಲ್ಲಿ ಬುಟ್ಟಿ ಹೆಣೆಯುವ ಒಬ್ಬ ವಿಧವೆ ಇದ್ದಳು. ಕುಂಬಾರನ ಕೆಲಸ ನಿಂತು ಒಲೆ ಆರಿದ್ದನ್ನು ಅವಳು ನೋಡಿದಳು. “ನಿನ್ನ ಕೈ ಕೂಡುವವರೆಗೆ ನನ್ನ ಹಂಚಿನ ಮೇಲೆ ನಾಲ್ಕು ರೊಟ್ಟಿ ಹೆಚ್ಚಿಗೆ ಬೇಯುತ್ತವೆ ತಮ್ಮಾ. ನಾಚಿಕೊಳ್ಳಬೇಡ. ನಾಚಿಕೊಂಡರೆ ರೊಟ್ಟಿ ಆರಿ ಹೋಗುತ್ತದೆ” ಎಂದಳು. ಗಂಡ ಹೆಂಡತಿ ಇಬ್ಬರೂ ಒಂದು ತಿಂಗಳು ಅವಳ ರೊಟ್ಟಿ ತಿಂದರು.

ಆಗ ಆ ದಾರಿಯಲ್ಲಿ ಬಂದ ಒಬ್ಬ ಕುರುಬ ಹೇಳಿದ: “ಹೊಳೆಯಾಚೆ ಒಬ್ಬ ವೈದ್ಯನಿದ್ದಾನೆ. ನನ್ನ ಕಾಲು ನೋಡು.” ಕುರುಬನ ಕಾಲು ನೆಟ್ಟಗಿತ್ತು. ಕುಂಬಾರ ಅತ್ತೆಯ ಊರಿಗೆ ಹೋಗುತ್ತೇನೆಂದು ಊರಲ್ಲಿ ಹೇಳಿ ಹೊಳೆ ದಾಟಿದ.

ವೈದ್ಯ ಹಳೆಯ ದಬ್ಬೆ ಬಿಚ್ಚಿದ, ಎಲುಬನ್ನು ಮತ್ತೆ ಕೂಡಿಸಿದ, ಇಪ್ಪತ್ತು ದಿನ ತನ್ನ ಮನೆಯಲ್ಲೇ ಇರಿಸಿಕೊಂಡ. ಹೊರಡುವ ದಿನ ಕುಂಬಾರನ ಕೈ ನೆಟ್ಟಗಿತ್ತು. “ಒಳ್ಳೆಯ ಹೊತ್ತಿಗೆ ಬಂದೆ. ಮೂರು ತಿಂಗಳು ದಾಟಿದ್ದರೆ ಎಲುಬು ನನ್ನ ಮಾತು ಕೇಳುತ್ತಿರಲಿಲ್ಲ” ಎಂದ ವೈದ್ಯ.

“ನಿಮಗೆ ನಾನು ಏನು ಕೊಡಲಿ?” ಎಂದು ಕುಂಬಾರ ಕೇಳಿದ.

“ಏನೂ ಬೇಡ. ನಿನ್ನ ಹಾಗೆ ಬಿದ್ದವರು ಕಂಡರೆ ದಾರಿ ಹೇಳು. ಬರುವುದು ಬಿಡುವುದು ಅವರಿಗೆ ಬಿಟ್ಟದ್ದು.”

“ಊರಿಗೆಲ್ಲ ಹೇಳುತ್ತೇನೆ” ಎಂದ ಕುಂಬಾರ.

ಅವನು ಸುಳ್ಳು ಹೇಳಲಿಲ್ಲ. ದಾರಿಯುದ್ದಕ್ಕೂ ಹೇಳಿಕೊಂಡೇ ಬಂದ. ಎದುರಿಗೆ ಬಂದ ಎತ್ತಿಗೆ ಹೇಳಿದ. ಹರಿಗೋಲಿನ ಅಂಬಿಗನಿಗೆ ಹೇಳಿದ. ಅಂಬಿಗನಿಗೆ ಮೊದಲೇ ಗೊತ್ತಿತ್ತು. ಊರ ಅಗಸೆಬಾಗಿಲು ಕಾಣುವವರೆಗೆ ಅವನಷ್ಟು ಧೈರ್ಯವಂತ ಆ ಸೀಮೆಯಲ್ಲೇ ಇರಲಿಲ್ಲ.

ಅಗಸೆಬಾಗಿಲ ಕಟ್ಟೆಯ ಮೇಲೆ ಗೌಡನ ಭಾವಮೈದುನ ಕುಳಿತಿದ್ದ.

ಕುಂಬಾರ ಬೇಲಿಯ ಮರೆಗೆ ಸರಿದ. ತಲೆಯ ವಸ್ತ್ರ ಬಿಚ್ಚಿ ಕೊರಳಿಗೆ ಕಟ್ಟಿಕೊಂಡ. ವಾಸಿಯಾದ ಕೈಯನ್ನು ಬಾಗಿಸಿ ಅದರಲ್ಲಿ ಇಳಿಬಿಟ್ಟ. ಆಮೇಲೆ ಊರೊಳಗೆ ಬಂದ.

“ಹೇಗಿದೆಯೋ ಕೈ?” ಎಂದು ಕೇಳಿದ ಗೌಡನ ಭಾವಮೈದುನ.

“ನಿಮ್ಮ ದಯೆ” ಎಂದ ಕುಂಬಾರ.

ಇಲ್ಲಿ ಸುವಾರ್ತಪ್ಪ ಉಸಿರು ಬಿಟ್ಟ. “ಪಾಪ, ಅವನ ಕಷ್ಟ ನನಗೆ ಅರ್ಥವಾಗುತ್ತದೆ ಅಯ್ಯನವರೇ” ಎಂದ. ಅಯ್ಯನವರು ತಲೆಯಾಡಿಸಿ ಮುಂದುವರಿಸಿದರು.

ಕುಂಬಾರ ಹಗಲು ಕೈಯನ್ನು ತೂಗುಹಾಕಿಕೊಂಡು ಊರಲ್ಲಿ ತಿರುಗಿದ. ಮನೆಗೆ ಬಂದು ಕದ ಮುಚ್ಚಿ, ಬಟ್ಟೆ ತೆಗೆದು, ಎರಡೂ ಕೈಯಿಂದ ತಿಗರಿ ತಿರುಗಿಸಿ ಗಡಿಗೆ ಮಾಡಿದ. ಹೆಂಡತಿಯೇ ತಿಗರಿಗೆ ಕೈ ಹಚ್ಚಿದ್ದಾಳೆ, ಎಷ್ಟು ಚೆನ್ನಾಗಿ ಕಲಿತಳು ಎಂದು ಜನ ಅವಳನ್ನು ಹೊಗಳಿದರು. ಅವಳಿಗೆ ಅದು ಬೇಕಿರಲಿಲ್ಲ.

“ಊರಿಗೆಲ್ಲ ಹೇಳುತ್ತೇನೆಂದು ಬಂದಿರಂತೆ. ನಮ್ಮ ಕದದ ಚಿಲಕಕ್ಕಾದರೂ ಹೇಳಿದ್ದೀರಾ?” ಎಂದು ಅವಳು ಕೇಳಿದಳು.

“ಸಮಯ ಬರಲಿ. ಅರ್ಧಂಬರ್ಧ ಹೇಳಿದರೆ ಆ ವೈದ್ಯನಿಗೇ ಅವಮಾನ. ಸರಿಯಾಗಿ ಹೇಳಬೇಕು.”

ಸರಿಯಾಗಿ ಹೇಳುವುದಕ್ಕೆ ಅವನು ತಯಾರಿ ನಡೆಸಿದ. ದಾರಿಯಲ್ಲಿ ಏಳು ತಿರುವು. ಏಳನ್ನೂ ಬಾಯಿಪಾಠ ಮಾಡಿದ. ಮೂರನೆಯ ತಿರುವಿನಲ್ಲಿ ಹುಣಸೆಮರ ಬಲಕ್ಕೆ. ವೈದ್ಯ ಕಟ್ಟಿದ ಸೊಪ್ಪು ಯಾವುದು, ಅರೆದದ್ದು ಎಷ್ಟು ಹೊತ್ತು, ಎಲ್ಲವನ್ನೂ ಕ್ರಮವಾಗಿ ಜೋಡಿಸಿದ. ಗಡಿಗೆ ಸುಡುವ ಆವಿಗೆಯ ಮುಂದೆ ನಿಂತು ಹೇಳಿ ನೋಡಿದ. ಒಂದೂ ತಪ್ಪು ಬರಲಿಲ್ಲ.

ಹೀಗೆ ಐದು ತಿಂಗಳು ಕಳೆಯಿತು. ಆಗ ಪಕ್ಕದ ಮನೆಯ ವಿಧವೆ ಬಾವಿಯ ಮೆಟ್ಟಿಲಲ್ಲಿ ಜಾರಿ ಬಲಗೈ ಮುರಿದುಕೊಂಡಳು.

ಗೌಡನ ಭಾವಮೈದುನ ಬಂದು ದಬ್ಬೆ ಕಟ್ಟಿ ಹೋದ. ಬುಟ್ಟಿ ಹೆಣೆಯುವವಳಿಗೆ ಕೈ ಬಾಗಿದರೆ ಬದುಕೇ ಬಾಗಿದಂತೆ. ಅವಳು ನರಳುವುದು ಗೋಡೆಯಾಚೆ ಕುಂಬಾರನಿಗೆ ಕೇಳಿಸುತ್ತಿತ್ತು. ಅವನು ಹೆಂಡತಿಯ ಕೈಯಲ್ಲಿ ದಿನಾ ನಾಲ್ಕು ರೊಟ್ಟಿ ಕಳುಹಿಸಿದ. ಬಿಸಿಯಾಗಿ ಕಳುಹಿಸಿದ. ಅಷ್ಟರಮಟ್ಟಿಗೆ ಅವನಲ್ಲಿ ಉಪಕಾರಸ್ಮರಣೆ ಇತ್ತು.

ಒಂದು ದಿನ ಅವಳೇ ಅವನ ಬಾಗಿಲಿಗೆ ಬಂದಳು. ಅವನು ಅವಸರದಲ್ಲಿ ಬಟ್ಟೆ ಕಟ್ಟಿಕೊಂಡು ಕದ ತೆಗೆದ.

“ನಿನಗೂ ಹೀಗೇ ನೋಯುತ್ತಿತ್ತೇನು ತಮ್ಮಾ? ಬೆರಳು ಮಡಿಸಲು ಬರುವುದಿಲ್ಲ. ಇದಕ್ಕೆ ಬೇರೆ ದಾರಿ ಇಲ್ಲವೇ?”

ಅವಳು ದಾರಿ ಎಂದೇ ಕೇಳಿದಳು. ಏಳು ತಿರುವೂ ಅವನ ನಾಲಿಗೆಯ ತುದಿಗೆ ಬಂದು ನಿಂತವು. ಅವಳಿಗೆ ಹೇಳಿದರೆ ಅವಳು ಹೋಗುತ್ತಾಳೆ. ನೆಟ್ಟಗಾಗಿ ಬರುತ್ತಾಳೆ. ಯಾರು ಹೇಳಿದರು ಎಂದು ಊರು ಕೇಳುತ್ತದೆ. ಗೌಡನ ಭಾವಮೈದುನ ಕೇಳುತ್ತಾನೆ. ನಾಳೆ ಗೌಡನ ಮನೆಯವರು ತನ್ನ ಗಡಿಗೆಯಲ್ಲಿ ನೀರು ಕುಡಿಯುವುದನ್ನು ಬಿಟ್ಟರೆ ಊರೇ ಬಿಡುತ್ತದೆ.

“ಎಲ್ಲದಕ್ಕೂ ಕಾಲ ಕೂಡಿಬರಬೇಕು ಅಕ್ಕಾ” ಎಂದ.

ಅವಳು ಹೋದ ಮೇಲೆ ಅವನು ಲೆಕ್ಕ ಹಾಕಿದ. ಅವಳು ಬಿದ್ದು ಇನ್ನೂ ಹದಿನೈದು ದಿನ. ಮೂರು ತಿಂಗಳಿಗೆ ಬಹಳ ಸಮಯವಿದೆ. ಹಾಗೆಂದುಕೊಂಡಾಗ ಅವನಿಗೆ ಸಮಾಧಾನವಾಯಿತು. ಒಂದು ತಿಂಗಳಾದಾಗಲೂ ಹೀಗೇ ಲೆಕ್ಕ ಹಾಕಿ ಹೀಗೇ ಸಮಾಧಾನ ಮಾಡಿಕೊಂಡ.

ಅಷ್ಟರಲ್ಲಿ ಅದೇ ಊರಿನ ಒಬ್ಬ ಗಾಣಿಗ, ಎತ್ತು ಬೆದರಿ ತಳ್ಳಿದ್ದರಿಂದ ತೋಳು ಮುರಿದುಕೊಂಡ. ಅದೇ ಕುರುಬ ಅವನಿಗೂ ಸಿಕ್ಕಿದ. ಅವನೂ ಹೊಳೆ ದಾಟಿ, ಅದೇ ವೈದ್ಯನ ಕೈಯಲ್ಲಿ ವಾಸಿಯಾಗಿ ಬಂದ. ಆದರೆ ಅವನು ಬೇಲಿಯ ಮರೆಗೆ ಸರಿಯಲಿಲ್ಲ. ನೇರವಾಗಿ ಅಗಸೆಬಾಗಿಲಿಗೆ ಬಂದು, ತೋಳು ಬೀಸಿ ತೋರಿಸಿ, ಕಟ್ಟೆಯ ಮೇಲೆ ಕುಳಿತು ಹೇಳತೊಡಗಿದ.

ಅವನು ಹೇಳಿದ್ದರಲ್ಲಿ ಅರ್ಧ ತಪ್ಪು. ತಿರುವು ಐದು ಎಂದ. ಹುಣಸೆಮರ ಎಡಕ್ಕೆ ಎಂದ. ವೈದ್ಯ ಗಿಡ್ಡ ಮನುಷ್ಯ. ಇವನು ಆರಡಿ ಎಂದ. ಕಟ್ಟಿದ್ದು ಹರಳೆಲೆ ಎಂದ.

“ಈ ಗಾಣಿಗನನ್ನು ನಾನು ಬಲ್ಲೆ” ಎಂದ ಸುವಾರ್ತಪ್ಪ. ಅವನ ದನಿ ಏರಿತ್ತು.

“ಇವನು ಕತೆಯಲ್ಲಿ ಇರುವವನು ತಮ್ಮಾ” ಎಂದರು ಅಯ್ಯನವರು.

“ಇಂಥವರಿಗೆ ತಿಳಿದಿರುವುದು ಕಡಿಮೆ, ಅದಕ್ಕೇ ಭಯವೂ ಕಡಿಮೆ. ನಮ್ಮಂಥವರಿಗೆ ಜವಾಬ್ದಾರಿ ಇರುತ್ತದೆ.”

“ಕುಂಬಾರನೂ ಹೀಗೆಯೇ ಹೇಳುತ್ತಿದ್ದ” ಎಂದು ಅಯ್ಯನವರು ಕತೆಗೆ ಹಿಂತಿರುಗಿದರು.

ಗೌಡನ ಭಾವಮೈದುನ ಗಾಣಿಗನನ್ನು ಗದರಿಸಿದ: “ಇನ್ನು ನಮ್ಮ ಮನೆಗೆ ನಿನ್ನ ಎಣ್ಣೆ ಬರುವುದು ಬೇಡ.” ಗಾಣಿಗ ಹೇಳಿದ: “ಬೇಡವಾದರೆ ಒಣ ಚಟ್ನಿ ತಿನ್ನಿ ಸಾಹುಕಾರರೇ. ನನ್ನ ತೋಳು ಎಣ್ಣೆಯಿಂದ ನೆಟ್ಟಗಾದದ್ದಲ್ಲ.” ಜನ ನಕ್ಕರು. ಬಾಗಿದ ಕೈಯವರೂ ನಕ್ಕರು.

ಕಾಲು ಉಳುಕಿದ್ದ ಒಬ್ಬ ಕಮ್ಮಾರ ಗಾಣಿಗನ ಮಾತು ಕೇಳಿ ಹೊರಟ. ಐದು ತಿರುವು ದಾಟಿ ನೋಡಿದರೆ ವೈದ್ಯನ ಮನೆ ಇರಲಿಲ್ಲ. ಅಲ್ಲಿ ದನ ಕಾಯುವವರನ್ನು ಕೇಳಿದ, ಅವರು ಮುಂದಿನ ದಾರಿ ತೋರಿಸಿದರು. ಅರ್ಧ ದಿನ ತಡವಾಗಿ ಮುಟ್ಟಿದ. ವಾಸಿಯಾಗಿ ಬಂದ. ಅವನ ಹಿಂದೆ ಇನ್ನಿಬ್ಬರು ಹೋದರು. ಅವರೂ ದಾರಿ ತಪ್ಪಿ, ಕೇಳುತ್ತ ಕೇಳುತ್ತ ಮುಟ್ಟಿ, ನೆಟ್ಟಗಾಗಿ ಬಂದರು. ಊರವರು ಗಾಣಿಗನಿಗೆ ಕಟ್ಟೆಯ ಮೇಲೆ ಜಾಗ ಬಿಡತೊಡಗಿದರು. ಅವನು ಬಂದರೆ ಎಲೆ ಅಡಿಕೆಯ ತಟ್ಟೆ ಮೊದಲು ಅವನ ಕಡೆಗೆ ಸರಿಯುತ್ತಿತ್ತು.

ಕುಂಬಾರನಿಗೆ ಊಟ ಸೇರಲಿಲ್ಲ. ಹೊಳೆ ದಾಟಿ ಮೊದಲು ಹೋದವನು ತಾನು. ದಾರಿ ಸರಿಯಾಗಿ ತಿಳಿದವನು ತಾನು. ಇಪ್ಪತ್ತು ದಿನ ಆ ವೈದ್ಯನ ಪಕ್ಕದಲ್ಲಿ ಕುಳಿತು ಉಂಡವನು ತಾನು. ಎಲೆ ಅಡಿಕೆ ಅವನಿಗೆ. ತಿಗರಿಯ ಮುಂದೆ ಕುಳಿತರೆ ಗಾಣಿಗನ ದನಿ ಕಿವಿಯಲ್ಲಿ ಬಂದು ಗಡಿಗೆಯ ಕಂಠ ಸೊಟ್ಟಗಾಗುತ್ತಿತ್ತು. ಸಂಜೆಯಾದರೆ ಅವನಿಗೆ ಮನೆಯಲ್ಲಿ ಇರಲಾಗುತ್ತಿರಲಿಲ್ಲ. ಕಟ್ಟೆಯ ಹಿಂದೆ ಹೋಗಿ ನಿಂತು ಗಾಣಿಗ ಹೇಳುವುದನ್ನು ಒಂದು ಮಾತೂ ಬಿಡದೆ ಕೇಳುತ್ತಿದ್ದ. ಗಾಣಿಗನಿಗೆ ಅವನಷ್ಟು ನಿಷ್ಠೆಯ ಶ್ರೋತೃ ಇನ್ನೊಬ್ಬನಿರಲಿಲ್ಲ.

“ಇವತ್ತು ಹನ್ನೊಂದು ತಪ್ಪು ಹೇಳಿದ” ಎಂದು ಮನೆಗೆ ಬಂದು ಹೆಂಡತಿಗೆ ಹೇಳಿದ.

“ಸರಿಯಾದದ್ದು ನಿಮಗೆ ಗೊತ್ತಲ್ಲ. ಪಕ್ಕದ ಮನೆಗೆ ಹೋಗಿ ಒಬ್ಬಳಿಗೆ ಹೇಳಿ ಬನ್ನಿ. ಗೋಡೆ ದಾಟಿದರೆ ಆಯಿತು, ಹೊಳೆ ದಾಟಬೇಕಾಗಿಲ್ಲ.”

“ಈಗ ಹೇಳಿದರೆ ಗಾಣಿಗನಿಂದ ಕೇಳಿ ಕಲಿತೆ ಎನ್ನುತ್ತಾರೆ.”

ಹೆಂಡತಿ ಆಮೇಲೆ ಅದನ್ನು ಎತ್ತಲಿಲ್ಲ. ಮೊದಲು ಅವನಿಗೆ ಹೇಳಲು ಭಯವಿತ್ತು. ಈಗ ಹೇಳದಿರಲು ಕಾರಣವೂ ಸಿಕ್ಕಿತ್ತು.

ವಿಧವೆಯೂ ಗಾಣಿಗನ ಮಾತು ಕೇಳಿದ್ದಳು. ಹೋಗಲೋ ಬೇಡವೋ ಎಂದು ಅವಳಿಗೆ ತಿಳಿಯಲಿಲ್ಲ. ಅವಳು ನಂಬುತ್ತಿದ್ದ ಮನುಷ್ಯ ಊರಲ್ಲಿ ಒಬ್ಬನೇ. ಅವನ ಬಾಗಿಲಿಗೇ ಬಂದಳು.

“ಗಾಣಿಗ ಹೇಳುವುದು ನಿಜವೇನು ತಮ್ಮಾ? ಕೈ ನೋವು ಏನೆಂದು ನೀನು ಬಲ್ಲೆ. ನೀನು ಹೋಗು ಎಂದರೆ ಹೋಗುತ್ತೇನೆ.”

ಕುಂಬಾರ ಯೋಚಿಸಿದ. ಹೋಗು ಎಂದರೆ ಅವಳೂ ಗಾಣಿಗನ ಹೆಸರು ಹೇಳಿಕೊಂಡು ನೆಟ್ಟಗಾಗಿ ಬರುತ್ತಾಳೆ. ತನ್ನ ಪಕ್ಕದ ಮನೆಯಲ್ಲಿ, ತನ್ನ ಗೋಡೆಯಾಚೆ, ದಿನಾ ಗಾಣಿಗನ ಗುಣಗಾನ.

“ಅವನು ಹೇಳುವುದರಲ್ಲಿ ಅರ್ಧಕ್ಕೆ ಅರ್ಧ ತಪ್ಪು ಅಕ್ಕಾ” ಎಂದ.

ಅದು ಅಪ್ಪಟ ಸತ್ಯ. ಅವಳು ಹೊರಡಲು ಕಟ್ಟಿಟ್ಟಿದ್ದ ಬುತ್ತಿಯನ್ನು ಬಿಚ್ಚಿದಳು.

ಸುವಾರ್ತಪ್ಪನ ಮನಸ್ಸು ಇನ್ನೂ ಕಟ್ಟೆಯ ಹತ್ತಿರವೇ ಇತ್ತು. ಗಾಣಿಗನಿಗೆ ಯಾರಾದರೂ ಎದುರು ನಿಂತು ಹೇಳಬೇಕು ಎಂದು ಅವನು ಕಾಯುತ್ತಿದ್ದ.

ಅವನು ಬಹಳ ಹೊತ್ತು ಕಾಯಬೇಕಾಗಲಿಲ್ಲ.

ಒಂದು ಸಂತೆಯ ದಿನ ಗಾಣಿಗ ಕಟ್ಟೆಯ ಮೇಲೆ ನಿಂತು ಹೇಳುತ್ತಿದ್ದ. ಹತ್ತು ಊರಿನ ಜನ ಸೇರಿತ್ತು. ಗೌಡನ ಭಾವಮೈದುನನೂ ಮುಂದೆಯೇ ಕುಳಿತಿದ್ದ. ಗಾಣಿಗ ತಿರುವು ಐದು ಎಂದ, ಕುಂಬಾರ ತಡೆದುಕೊಂಡ. ಹುಣಸೆಮರ ಎಡಕ್ಕೆ ಎಂದ; ತಡೆದುಕೊಂಡ. ಕೊನೆಗೆ ಗಾಣಿಗ ಎದೆ ಮುಟ್ಟಿಕೊಂಡು, “ನಮ್ಮ ಊರಿನಿಂದ ಹೊಳೆ ದಾಟಿ ಆ ಪುಣ್ಯಾತ್ಮನ ಬಾಗಿಲು ಕಂಡ ಮೊದಲನೆಯವನು ನಾನೇ” ಎಂದ.

ಕುಂಬಾರ ಕೊರಳ ಬಟ್ಟೆಯಿಂದ ಕೈ ಕಿತ್ತು ಮೇಲೆತ್ತಿದ.

“ಮೊದಲನೆಯವನು ನಾನು. ಈ ಕೈ ನೋಡಿ. ತಿರುವು ಐದಲ್ಲ, ಏಳು.”

ಏಳನ್ನೂ ಹೇಳಿದ. ಒಂದು ಕಡೆಯೂ ತಡವರಿಸಲಿಲ್ಲ. ಹುಣಸೆಮರವನ್ನು ಬಲಕ್ಕೆ ತಂದು ನಿಲ್ಲಿಸಿದ. ಸೊಪ್ಪಿನ ಹೆಸರು ಹೇಳಿದ, ಅರೆದ ಹೊತ್ತು ಹೇಳಿದ, ವೈದ್ಯನನ್ನು ಮತ್ತೆ ಗಿಡ್ಡ ಮಾಡಿದ. ಅವನ ದನಿ ಸಂತೆಯ ಆ ತುದಿಗೂ ಕೇಳಿಸಿತು. ಗೌಡನ ಭಾವಮೈದುನ ಮೂರು ಮೊಳ ದೂರದಲ್ಲಿ ಕುಳಿತಿದ್ದ. ಕುಂಬಾರನ ಕಣ್ಣಿಗೆ ಅವನು ಬೀಳಲೇ ಇಲ್ಲ.

ಜನ ನೆಟ್ಟಗಿದ್ದ ಆ ಕೈಯನ್ನು ನೋಡಿದರು. ಜನರ ನಡುವೆ ವಿಧವೆಯೂ ನಿಂತಿದ್ದಳು. ಅವಳು ದಾರಿ ಬಿಡಿಸಿಕೊಂಡು ಮುಂದೆ ಬಂದಳು.

“ನೀನು ಹೋಗಿ ಬಂದು ಎಷ್ಟು ದಿನವಾಯಿತು ತಮ್ಮಾ?” ಎಂದು ಕೇಳಿದಳು.

“ಎಂಟು ತಿಂಗಳು” ಎಂದ ಕುಂಬಾರ. ಜೋರಾಗಿಯೇ ಹೇಳಿದ. ದಿನ ಹೆಚ್ಚಾದಷ್ಟೂ ಅವನು ಮೊದಲನೆಯವನೆಂಬುದು ಗಟ್ಟಿಯಾಗುತ್ತಿತ್ತು.

ಅವಳು ದಬ್ಬೆ ಕಟ್ಟಿದ ತನ್ನ ಕೈಯನ್ನು ನೋಡಿಕೊಂಡಳು. “ನಾನು ಬಿದ್ದು ಮೂರು ತಿಂಗಳಾಗಲು ನಾಲ್ಕು ದಿನ ಉಳಿದಿದೆ” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ವೈದ್ಯನ ಮೂರು ತಿಂಗಳ ಮಾತನ್ನು ಕಮ್ಮಾರ ಊರಿಗೆ ತಂದು ಹೇಳಿದ್ದ. ಅವಳೂ ದಿನ ಎಣಿಸುತ್ತಿದ್ದಳು.

ಕುಂಬಾರ ಅವಳ ಕಡೆಗೆ ತಿರುಗಿದ. ಆಗ ಕಟ್ಟೆಯ ಮೇಲಿನಿಂದ ಗಾಣಿಗ ಕೇಳಿದ: “ಎಂಟು ತಿಂಗಳು ಎನ್ನಲು ಸಾಕ್ಷಿ ಯಾರಿದ್ದಾರೆ?”

ಕುಂಬಾರ ಗಾಣಿಗನ ಕಡೆಗೆ ತಿರುಗಿದ. “ಹೊಳೆಯ ಅಂಬಿಗನನ್ನು ಕರೆಸಿ” ಎಂದ. ಗಾಣಿಗನ ಕಡೆಯವರು ಒಂದು ಮಾತು ಹೇಳಿದರು, ಕುಂಬಾರನ ಕಡೆಯವರು ಎರಡು ಹೇಳಿದರು. ಅವನಿಗೆ ಅಷ್ಟರಲ್ಲಿ ಕಡೆಯವರು ಹುಟ್ಟಿಕೊಂಡಿದ್ದರು. ಅಂಬಿಗನನ್ನು ಕರೆತರಲು ಇಬ್ಬರು ಓಡಿದರು. ಸಂತೆ ಬಿಡುವವರೆಗೂ ಮಾತು ನಡೆಯಿತು.

ಅಯ್ಯನವರು ಇಷ್ಟು ಹೇಳಿ ನಿಲ್ಲಿಸಿದರು. ಅಂಟಿನ ಬಟ್ಟಲನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು.

ಸುವಾರ್ತಪ್ಪ ಮುಂದಕ್ಕೆ ಬಾಗಿದ್ದ. “ಅಂಬಿಗ ಬಂದನೇ ಅಯ್ಯನವರೇ?”

“ಬಂದ.”

“ಯಾರು ಮೊದಲು ಎಂದು ತೀರ್ಮಾನವಾಯಿತೇ?”

“ಕುಂಬಾರನೇ ಮೊದಲು ಎಂದು ಅಂಬಿಗ ಹೇಳಿದ. ಜನ ಒಪ್ಪಿದರು.”

ಸುವಾರ್ತಪ್ಪನ ಮುಖ ಅರಳಿತು. ಬಹಳ ದಿನಗಳ ಮೇಲೆ ಅವನಿಗೆ ಒಂದು ನ್ಯಾಯ ಸಿಕ್ಕಂತಿತ್ತು. “ಗಾಣಿಗ ತಪ್ಪು ಒಪ್ಪಿಕೊಂಡನೇ?”

“ಹುಣಸೆಮರದ ಮಟ್ಟಿಗೆ ಒಪ್ಪಿಕೊಂಡ.”

“ಗೌಡನ ಭಾವಮೈದುನ ಕುಂಬಾರನಿಗೆ ಏನು ಮಾಡಿದ?”

“ಏನೂ ಮಾಡಲಿಲ್ಲ. ಅವನಿಗೂ ಮಂಡಿ ನೋವಿತ್ತು. ದಾರಿಯನ್ನು ಕಿವಿಗೊಟ್ಟು ಕೇಳಿಸಿಕೊಂಡ.”

ಸುವಾರ್ತಪ್ಪ ನಕ್ಕ. ಭಯ ಎಷ್ಟು ಹುಸಿಯಾದದ್ದು ಎಂದು ಅವನಿಗೆ ಆಶ್ಚರ್ಯವಾಯಿತು. ಇಷ್ಟಕ್ಕಾಗಿ ಎಂಟು ತಿಂಗಳು ಬಟ್ಟೆ ಕಟ್ಟಿಕೊಂಡನಲ್ಲ ಎಂದ. ಕಟ್ಟೆಯ ಮೇಲಿನ ಜಾಗ ಆಮೇಲೆ ಕುಂಬಾರನಿಗೆ ಸಿಕ್ಕಿತೇ ಎಂದು ಕೇಳಿದ. ಸಿಕ್ಕಿತು, ಇಬ್ಬರೂ ಕೂರುತ್ತಿದ್ದರು ಎಂದರು ಅಯ್ಯನವರು. ಎಲೆ ಅಡಿಕೆ ಮೊದಲು ಯಾರಿಗೆ ಎಂದು ಕೇಳಬೇಕೆಂದಿದ್ದ, ಅದು ಸಣ್ಣತನವಾದೀತೆಂದು ಬಿಟ್ಟ.

“ಅಂತೂ ಕುಂಬಾರನ ಭಯ ಹೋಯಿತು” ಎಂದ. ಎದ್ದು ನಿಂತು ಚಪ್ಪಲಿ ಮೆಟ್ಟಿಕೊಂಡ. ಗಿರಣಿ ಮುಚ್ಚುವ ಹೊತ್ತಾಗುತ್ತಿತ್ತು. “ನನ್ನದೂ ಹೀಗೆಯೇ ಒಂದು ದಿನ ಹೋಗುತ್ತದೆ ಎಂದಲ್ಲವೇ ನೀವು ಹೇಳುವುದು? ಕತೆಯಲ್ಲಿ ಇನ್ನೇನಾದರೂ ತಿಳಿಯಬೇಕಾದದ್ದು ಉಳಿದಿದೆಯೇ ಅಯ್ಯನವರೇ?”

ಅಯ್ಯನವರು ಪುಸ್ತಕದ ಹರಿದ ಹಾಳೆಯನ್ನು ಬೆರಳಿನಿಂದ ಒತ್ತಿ ಹಿಡಿದುಕೊಂಡು ಹೇಳಿದರು:

“ಇಷ್ಟೆಲ್ಲ ಕೇಳಿದೆ ಸುವಾರ್ತಪ್ಪ, ಆ ಹೆಂಗಸಿನ ಕೈ ಏನಾಯಿತು ಎಂದು ನೀನು ಕೇಳಲಿಲ್ಲ.”